ಥೀಸಿಸ್ ನಿಂತುಹೋಗಿದೆಯಾ? ಮೋಟಾರ್ ಎತ್ತುವ ಮೊದಲು ಫ್ಯೂಸ್ ನೋಡಿ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ನನ್ನ ಜೂನಿಯರ್ ಹುಡುಗಿ ಫೋನ್ ಮಾಡಿದಳು. ಶಿರಾ ಕಡೆಯವಳು. ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಪಿಎಚ್‌ಡಿ ಮಾಡುತ್ತಿದ್ದಾಳೆ, ಇದು ಐದನೇ ವರ್ಷ. "ಅಕ್ಕಾ, ಬಿಟ್ಟುಬಿಡ್ತೀನಿ. ನನ್ ಕೈಲಿ ಆಗಲ್ಲ. ಎರಡು ತಿಂಗಳಿಂದ ಒಂದು ಪುಟಾನೂ ಮುಂದಕ್ಕೆ ಹೋಗಿಲ್ಲ" ಅಂದಳು. ಏನು ನಿಂತಿದೆ ಅಂತ ಕೇಳಿದೆ. "ಎಲ್ಲಾ ನಿಂತಿದೆ" ಅಂದಳು.

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಬೋರ್‌ವೆಲ್ ವಿಷಯದಲ್ಲಿ. ನಮ್ಮೂರು ಮಧುಗಿರಿ ತಾಲೂಕು. ತೋಟಕ್ಕೆ ನೀರು ಬರಲಿಲ್ಲ ಅಂದರೆ ಅಪ್ಪನ ಬಾಯಲ್ಲಿ ಮೊದಲು ಬರುತ್ತಿದ್ದದ್ದು "ಬೋರ್ ಬತ್ತೋಯ್ತು" ಅನ್ನೋ ಮಾತು. ಮೋಟಾರ್ ರಿಪೇರಿ ಮಾಡುವ ಒಬ್ಬ ಅಣ್ಣ ಬರುತ್ತಿದ್ದರು. ಅವರು ಬೋರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊದಲು ಕರೆಂಟು ಇದೆಯಾ, ಮೂರೂ ಫೇಸ್ ಬರುತ್ತಿದೆಯಾ ಅಂತ ನೋಡುವರು. ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್, ಆಮೇಲೆ ಕೇಬಲ್ಲು. ಇದೆಲ್ಲ ಸರಿಯಿದ್ದರೆ ಮಾತ್ರ ಮೋಟಾರ್ ಎತ್ತುವ ಮಾತು. ಫ್ಯೂಸ್ ನೋಡಲು ಐದು ನಿಮಿಷ ಸಾಕು, ಖರ್ಚಿಲ್ಲ. ಮೋಟಾರ್ ಎತ್ತಬೇಕಾದರೆ ಆಳು ಬೇಕು, ಗಾಡಿ ಬೇಕು, ಒಂದಿಡೀ ದಿನ ಬೇಕು, ಕೈಯಲ್ಲಿ ದುಡ್ಡು ಬೇಕು. ಎಲ್ಲಾ ಎತ್ತಿ ಹೊರಗೆ ಹಾಕಿದ ಮೇಲೆ ಫ್ಯೂಸ್ ಹೋಗಿತ್ತು ಅಂತ ಗೊತ್ತಾದರೆ ಹೇಗಿರುತ್ತದೆ ಹೇಳಿ.

ಥೀಸಿಸ್ ನಿಂತಾಗ ನಾವೆಲ್ಲ ಮೊದಲು ಎತ್ತುವುದೇ ಮೋಟಾರನ್ನು. ನನಗೆ ಬುದ್ಧಿ ಸಾಲದು, ವಿಷಯವೇ ತಪ್ಪು, ಗೈಡ್ ಸರಿಯಿಲ್ಲ. ನಾನು ಮಾಡಿದ್ದೂ ಅದನ್ನೇ. ನನ್ನದು ತುಮಕೂರು ಜಿಲ್ಲೆಯ ಕೆರೆಗಳ ಮೇಲಿನ ಕೆಲಸ. ಶಾಸನಗಳಲ್ಲಿ ಬರುವ ಕೆರೆ, ನೀರು ಬಿಡುವ ತೂಬು, ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು ಅಂದರೆ ಬಿತ್ತುವಟ್ಟ, ಈಗಲೂ ಕೆಲವು ಊರಲ್ಲಿ ಇರುವ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿಗಳು, ಇದೆಲ್ಲ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಾ ಆರು ವರ್ಷ ತೆಗೆದುಕೊಂಡೆ. ಅದರಲ್ಲಿ ಸುಮಾರು ಎರಡು ವರ್ಷ ದೋಷ ಇಲ್ಲದ ಕಡೆ ದೋಷ ಹುಡುಕಿದ್ದಕ್ಕೇ ಹೋಯಿತು. ಆ ಎರಡು ವರ್ಷ ಬೇರೆಯವರಿಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಖರ್ಚಿನ ಪರೀಕ್ಷೆಯಿಂದ ಶುರುಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ, ಮತ್ತೆ ನಿಂತಾಗ ಮೊದಲಿಂದ ಹುಡುಕಬೇಕಾಗುತ್ತದೆ.

ಎಲ್ಲಿ ನಿಲ್ಲುತ್ತಿದೆ ಅಂತ ಮೊದಲು ನೋಡಿ

"ಬರೆಯೋಕೆ ಆಗ್ತಿಲ್ಲ" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನೀವು ಕೂರುವುದೇ ಇಲ್ಲವಾ? ಕೂತು, ಫೈಲ್ ತೆರೆದು, ಸುಮ್ನೆ ನೋಡುತ್ತಿದ್ದೀರಾ? ಬರೆದು ಅಳಿಸಿ, ಬರೆದು ಅಳಿಸಿ ಸಂಜೆ ಮಾಡುತ್ತಿದ್ದೀರಾ? ಪುಟಗಳು ಬರುತ್ತಿವೆ ಆದರೆ ಅಧ್ಯಾಯ ಮುಗಿಯುತ್ತಿಲ್ಲವಾ? ಅಥವಾ ಅಧ್ಯಾಯ ಮುಗಿದು ಮೂರು ವಾರ ಆಗಿದೆ, ಗೈಡ್‌ಗೆ ಕಳಿಸಲು ಕೈ ಬರುತ್ತಿಲ್ಲವಾ? ಇವು ಐದೂ ಬೇರೆ ಬೇರೆ ದೋಷ, ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಒಂದು ವಾರ ಏನನ್ನೂ ಸರಿಮಾಡಲು ಹೋಗಬೇಡಿ. ಒಂದು ಹಾಳೆಯಲ್ಲಿ ಬರೆದಿಡಿ ಅಷ್ಟೇ. ಎಷ್ಟು ಹೊತ್ತಿಗೆ ಕೂತೆ, ಎಷ್ಟು ಹೊತ್ತಿಗೆ ಎದ್ದೆ, ಏಳುವ ಮುಂಚಿನ ಐದು ನಿಮಿಷ ಏನು ಮಾಡುತ್ತಿದ್ದೆ. ಈ ಮೂರನೆಯದು ಬಹಳ ಮುಖ್ಯ. ನಾನು ಇದನ್ನು ಮೂರನೇ ವರ್ಷದ ಕೊನೆಯಲ್ಲಿ ಮಾಡಿದೆ, ಅಲ್ಲಿವರೆಗೆ ನಾನು ಸೋಮಾರಿ ಅಂತಲೇ ನಂಬಿದ್ದೆ. ವಾರದ ಹಾಳೆ ನೋಡಿದರೆ ಹನ್ನೊಂದು ಸಲ ಎದ್ದಿದ್ದೇನೆ, ಅದರಲ್ಲಿ ಎಂಟು ಸಲ ಏಳುವ ಮುಂಚೆ ಮಾಡುತ್ತಿದ್ದದ್ದು ಒಂದೇ ಕೆಲಸ: ಯಾವುದೋ ಶಾಸನದ ಆಕರ ಹುಡುಕುವುದು. ವಾಕ್ಯ ಬರೆಯುತ್ತಾ ಹೋಗುತ್ತೇನೆ, ಆಕರ ಹಾಕಬೇಕಾದ ಜಾಗ ಬರುತ್ತದೆ, ನೋಟ್‌ಬುಕ್ ತಿರುವುತ್ತೇನೆ, ಸಿಗುವುದಿಲ್ಲ, ಬೇಜಾರಾಗುತ್ತದೆ, ಎದ್ದು ಕಾಫಿಗೆ ಹೋಗುತ್ತೇನೆ, ಮತ್ತೆ ಆ ಮೇಜಿಗೆ ಬರುವುದು ಮಾರನೇ ದಿನ. ನನ್ನ ದೋಷ ಬರವಣಿಗೆಯಲ್ಲಿ ಇರಲೇ ಇಲ್ಲ. ಟಿಪ್ಪಣಿ ಇಟ್ಟುಕೊಂಡ ರೀತಿಯಲ್ಲಿ ಇತ್ತು. ಅದರ ವಿಷಯ ಮುಂದೆ ಹೇಳುತ್ತೇನೆ.

ಕರೆಂಟು: ಮೈ, ನಿದ್ದೆ, ಹೊತ್ತು

ನಮ್ಮ ಕಡೆ ತೋಟಕ್ಕೆ ನೀರು ಹಾಯಿಸುವವರು ತಮಗೆ ಬಿಡುವಾದಾಗ ಹಾಯಿಸುವುದಿಲ್ಲ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಟ್ಟಾಗ ಹಾಯಿಸುತ್ತಾರೆ, ನಡುರಾತ್ರಿ ಬಂದರೆ ನಡುರಾತ್ರಿ ಎದ್ದು ಹೋಗುತ್ತಾರೆ. ನಿಮ್ಮ ತಲೆಗೂ ತ್ರೀ ಫೇಸ್ ಬರುವ ಹೊತ್ತು ಒಂದಿರುತ್ತದೆ, ದಿನಕ್ಕೆ ಎರಡೋ ಮೂರೋ ಗಂಟೆ. ಆ ಹೊತ್ತು ಯಾವುದು ಅಂತ ವಾರದ ಹಾಳೆಯೇ ತೋರಿಸುತ್ತದೆ. ನನಗೆ ಅದು ಬೆಳಗಿನ ಐದರಿಂದ ಏಳು. ಅದನ್ನು ಬರೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕೊಡಬಾರದು. ಪುಟದ ಅಂಚು ಸರಿಮಾಡುವುದು, ಗ್ರಂಥಸೂಚಿಯ ಅಕಾರಾದಿ, ಜೆರಾಕ್ಸ್, ಯಾರಿಗೋ ಮೇಲ್ ಕಳಿಸುವುದು, ಇವೆಲ್ಲ ಸಿಂಗಲ್ ಫೇಸ್ ಕೆಲಸ, ಸಂಜೆ ಸುಸ್ತಾದ ಮೇಲೂ ಆಗುತ್ತವೆ.

ನಾನು ಎರಡು ವರ್ಷ ಮಧುಗಿರಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡಿದೆ. ಹೋಗಿ ಬರುವುದಕ್ಕೇ ಮೂರು ಗಂಟೆ. ಆ ಮೂರು ಗಂಟೆಯನ್ನು ಉಪಯೋಗಿಸಲೇಬೇಕು ಅಂತ ಹಠ ಹಿಡಿದು ಕೊರಟಗೆರೆ ದಾಟುವ ತನಕ ಪುಸ್ತಕ ಹಿಡಿದುಕೊಂಡಿರುತ್ತಿದ್ದೆ. ಓದಿದ್ದು ತಲೆಗೆ ಹೋಗಲಿಲ್ಲ, ಮನೆಗೆ ಬಂದಾಗ ತಲೆನೋವು ಮಾತ್ರ ಜೊತೆಗೆ ಬರುತ್ತಿತ್ತು. ಆಮೇಲೆ ಬೆಳಗಿನ ಬಸ್ಸಿನಲ್ಲಿ ಕಿಟಕಿ ಆಚೆ ನೋಡುತ್ತಾ ಕೂರತೊಡಗಿದೆ, ಸಂಜೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದೆ. ಅದರಿಂದ ಬೆಳಗಿನ ಎರಡು ಗಂಟೆ ಉಳಿಯಿತು. ಎಲ್ಲಾ ಗಂಟೆಯಿಂದಲೂ ಕೆಲಸ ಹಿಂಡಲು ಹೋದರೆ ಕೆಲಸ ಕೊಡುವ ಗಂಟೆಯೇ ಕೆಡುತ್ತದೆ.

ನಿದ್ದೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳು ಗಂಟೆ ಬೇಕು, ಅದರಲ್ಲಿ ಚೌಕಾಸಿ ಬೇಡ. ಸಂಜೆ ಆರಕ್ಕೆ ಸ್ಟ್ರಾಂಗ್ ಕಾಫಿ ಕುಡಿದು ಹನ್ನೊಂದಕ್ಕೆ ನಿದ್ದೆ ಬರುತ್ತಿಲ್ಲ ಅನ್ನುವವರು ಒಂದು ಲೆಕ್ಕ ನೆನಪಿಡಿ: ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆಯ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಒಂದು ವಾರ ಕೊನೆಯ ಕಾಫಿಯನ್ನು ಎರಡು ಗಂಟೆಗೆ ಮುಗಿಸಿ ನೋಡಿ. ಬೇರೆ ಏನೂ ಬದಲಿಸಬೇಡಿ.

ಸ್ಟಾರ್ಟರ್: ಶುರುವಾಗುವುದೇ ಇಲ್ಲ ಅಂದರೆ

ಮೈ ಚೆನ್ನಾಗಿದೆ, ಹೊತ್ತು ಇದೆ, ಆದರೂ ಫೈಲ್ ತೆರೆದ ತಕ್ಷಣ ಮೊಬೈಲ್ ಕೈಗೆ ಬರುತ್ತದೆ. ಸ್ಟಾರ್ಟರ್ ಒತ್ತಿದ ತಕ್ಷಣ ಟ್ರಿಪ್ ಆಗುವುದು ಅಂದರೆ ಇದೇ. ಇಂಥ ಕಡೆ ಬಹಳ ಸಲ ಕಾರಣ ಒಂದೇ, ಹೊರೆ ಜಾಸ್ತಿ. ಇವತ್ತಿನ ಕೆಲಸ ಅಂತ ನೀವು ಬರೆದುಕೊಂಡಿರುವುದೇನು ನೋಡಿ. "ಅಧ್ಯಾಯ ಮೂರು" ಅಂತ ಇದ್ದರೆ ಯಾರಿಗೂ ಶುರುಮಾಡಲು ಆಗುವುದಿಲ್ಲ. "ಪಾವಗಡದ ಎರಡು ಶಾಸನಗಳಲ್ಲಿ ತೂಬು ಕಟ್ಟಿಸಿದ ವಿಷಯ ಏನಿದೆ, 300 ಪದ" ಅಂತ ಬರೆದರೆ ಕೈ ಓಡುತ್ತದೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 300 ಪದ ಅಂದರೆ ಕಡಿಮೆ ಅನಿಸುತ್ತದೆ. 60,000 ಪದದ ಪ್ರಬಂಧಕ್ಕೆ ಅದು 200 ದಿನ. ವಾರಕ್ಕೆ ಐದು ದಿನ ಬರೆದರೂ 40 ವಾರ, ಒಂದು ವರ್ಷದೊಳಗೆ ಮೊದಲ ಕರಡು ಕೈಯಲ್ಲಿರುತ್ತದೆ, ಮಧ್ಯೆ ಹಬ್ಬ, ಪರೀಕ್ಷೆ ಮೌಲ್ಯಮಾಪನ, ಅಕ್ಕನ ಮಗನ ಮದುವೆ ಎಲ್ಲದಕ್ಕೂ ಜಾಗ ಇರುತ್ತದೆ. ದಿನಕ್ಕೆ 2,000 ಪದ ಅಂತ ಹೊರಟವರು ಮೂರನೇ ದಿನ ಮಲಗಿಬಿಡುತ್ತಾರೆ, ಆಮೇಲೆ ಮೂರು ವಾರ ಫೈಲ್ ಮುಟ್ಟುವುದಿಲ್ಲ.

ಇನ್ನು ಒಂದು ಅಭ್ಯಾಸ, ನನಗೆ ಬಹಳ ಉಪಯೋಗಕ್ಕೆ ಬಂದದ್ದು. ನಿಲ್ಲಿಸುವಾಗ ಪ್ಯಾರಾ ಮುಗಿಸಿ ಏಳಬೇಡಿ. ನಾಳೆ ಏನು ಬರೆಯಬೇಕು ಅಂತ ಗೊತ್ತಿರುವಾಗಲೇ ನಿಲ್ಲಿಸಿ, ಕೆಳಗೆ ಒಂದು ಸಾಲು ಬರೆದಿಡಿ: "ಮುಂದೆ, ಕೋಡಿ ಬಿದ್ದ ವರ್ಷದ ದುರಸ್ತಿ ಖರ್ಚು ಯಾರು ಕೊಟ್ಟರು." ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕೂತರೂ ಆ ಸಾಲು ಎಳೆದುಕೊಂಡು ಹೋಗುತ್ತದೆ. ಪೀಠಿಕೆಯನ್ನು ಮೊದಲು ಬರೆಯಲು ಹೋಗಬೇಡಿ. ಒಳಗೆ ಏನಿದೆ ಅಂತ ನಿಮಗೇ ಗೊತ್ತಾಗುವ ಮೊದಲು ಬಾಗಿಲಲ್ಲಿ ನಿಂತು ಏನಂತ ಪರಿಚಯ ಹೇಳುತ್ತೀರಿ?

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿ ಗೊತ್ತಿರಬಹುದು, ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ತಾನು ಓದುತ್ತಿದ್ದಾಗ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು. ಅಡಿಟಿಪ್ಪಣಿ ತಿದ್ದಲು, ಕೋಷ್ಟಕ ತುಂಬಲು ಅದು ಚೆನ್ನಾಗಿದೆ. ವಾದ ಕಟ್ಟಬೇಕಾದ ಕಡೆ ನನಗೆ 25 ನಿಮಿಷ ಸಾಲಲಿಲ್ಲ, ಹತ್ತಿಕೊಳ್ಳುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. 50 ನಿಮಿಷ ಮಾಡಿಕೊಂಡೆ. ನೀವೂ ಎರಡನ್ನೂ ಒಂದೊಂದು ವಾರ ನೋಡಿ.

ಕೇಬಲ್ಲು: ಟಿಪ್ಪಣಿ, ಫಾಂಟು, ಬ್ಯಾಕಪ್

ಜಾಸ್ತಿ ಜನ ನೋಡದೇ ಬಿಡುವ ಜಾಗ ಇದು. ನನ್ನ ಪ್ರಕಾರ ಕನ್ನಡದಲ್ಲಿ ಥೀಸಿಸ್ ಬರೆಯುವವರ ಅರ್ಧ ಕಷ್ಟ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನನ್ನ ಶಾಸನದ ಕಥೆ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಿ. ಎಲ್. ರೈಸ್ ಹೊರತಂದ 12ನೇ ಸಂಪುಟ ತುಮಕೂರು ಜಿಲ್ಲೆಯದು, 1904ರದ್ದು. ಈ ಸಂಪುಟಗಳಲ್ಲಿ ಶಾಸನಗಳಿಗೆ ಇಡೀ ಜಿಲ್ಲೆಗೆ ಒಂದೇ ಎಣಿಕೆ ಇಲ್ಲ. ಪ್ರತಿ ತಾಲೂಕಿಗೂ ಮತ್ತೆ 1ರಿಂದ ಶುರು. ನಾನು ಮೊದಲ ವರ್ಷ ಉತ್ಸಾಹದಲ್ಲಿ ಇನ್ನೂರಕ್ಕೂ ಮೇಲೆ ಟಿಪ್ಪಣಿ ಮಾಡಿದೆ, ಬಹಳಷ್ಟು ಕಡೆ "ಸಂ. 12, ಶಾ. 23" ಅಂತ ಮಾತ್ರ ಬರೆದಿದ್ದೆ. ತಾಲೂಕಿನ ಹೆಸರು ಬರೆದಿರಲಿಲ್ಲ. ಮೂರು ವರ್ಷದ ಮೇಲೆ ಅದು ಗುಬ್ಬಿಯದೋ, ಕುಣಿಗಲ್‌ದೋ, ಶಿರಾದ್ದೋ ಯಾರಿಗೆ ಗೊತ್ತು? ಪರಿಷ್ಕೃತ ಸಂಪುಟಗಳು ಬಂದಿರುವ ಜಿಲ್ಲೆಗಳಲ್ಲಿ ಎಣಿಕೆ ಬೇರೆ ಇರುತ್ತದೆ, ಯಾವ ಆವೃತ್ತಿ ಅಂತ ಬರೆಯದಿದ್ದರೆ ಅದೂ ಕಷ್ಟ. ನಾನು ಎದ್ದುಹೋಗುತ್ತಿದ್ದ ಆ ಎಂಟು ಸಲದ ಗುಟ್ಟು ಇದು.

ಹೀಗೆ ಸರಿಮಾಡಿಕೊಂಡೆ. ಬೇಸಿಗೆ ರಜೆಯಲ್ಲಿ ಹದಿನೆಂಟು ದಿನ ಒಂದು ಸಾಲೂ ಬರೆಯದೆ ಕೂತು ಟಿಪ್ಪಣಿಗಳನ್ನು ಮಾತ್ರ ಸರಿಮಾಡಿದೆ. ಒಂದು ಎಕ್ಸೆಲ್ ಹಾಳೆ, ಅದರಲ್ಲಿ ಸಂಪುಟ, ವರ್ಷ, ತಾಲೂಕು, ಶಾಸನ ಸಂಖ್ಯೆ, ಊರು, ಪುಟ, ಏನು ಹೇಳುತ್ತದೆ ಅಂತ ಒಂದು ಸಾಲು. ಹದಿನೆಂಟು ದಿನ ಹಾಳಾಯಿತು ಅಂತ ಮೊದಲು ಅಳು ಬಂದಿತ್ತು. ಆಮೇಲಿನ ಎರಡು ಅಧ್ಯಾಯ ನಾಲ್ಕು ತಿಂಗಳಲ್ಲಿ ಮುಗಿದವು. ಪುಸ್ತಕ, ಲೇಖನಗಳಿಗೆ ಆಕರ ಜೋಡಿಸಿಡುವ ಜೊಟೆರೊ ತಂತ್ರಾಂಶ ಇದೆ, ಪುಕ್ಕಟೆ, ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಹಾಕಿದರೂ ತೆಗೆದುಕೊಳ್ಳುತ್ತದೆ. ಬರೆಯುವ ಹೊತ್ತಲ್ಲಿ ಆಕರ ಸಿಗದಿದ್ದರೆ ಹುಡುಕಲು ಹೋಗಬೇಡಿ. ಆ ಜಾಗದಲ್ಲಿ ಮೂರು ನಕ್ಷತ್ರ ಹಾಕಿ ಮುಂದೆ ಹೋಗಿ. ಸಂಜೆ ನಕ್ಷತ್ರಗಳನ್ನು ಹುಡುಕಿ ತುಂಬಿಸಿ.

ಈಗ ಫಾಂಟು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅಧ್ಯಾಯ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆಯಾ? ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ, ಅಂದರೆ ಆಸ್ಕಿ ರೀತಿಯಲ್ಲಿ ಟೈಪ್ ಮಾಡಿದ್ದಾರೆ ಅಂತ ಅರ್ಥ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಜಾರುತ್ತದೆ. ಇದರಲ್ಲಿ "ಕೆರೆ" ಅಂತ ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ನೀವು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದ ಪ್ಯಾರಾ, ಅಂಗಡಿಯವರು ನುಡಿಯಲ್ಲಿ ಮಾಡಿದ ಪ್ಯಾರಾ ಎರಡೂ ಒಂದೇ ಫೈಲಿನಲ್ಲಿ ಸೇರಿಕೊಂಡರೆ ತಿದ್ದುವುದು ನರಕ. ಪರಿವರ್ತಕ ತಂತ್ರಾಂಶಗಳು ಇವೆ, ಹಾಕಿ. ಆದರೆ ಹಾಕಿದ ಮೇಲೆ ಮೂರು ಜಾಗ ಕಣ್ಣಿಟ್ಟು ನೋಡಿ: ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳು. "ಧರ್ಮ", "ಕಾರ್ಯ", "ವರ್ಷ" ಈ ಪದಗಳನ್ನು ಹುಡುಕಿ ನೋಡಿದರೆ ಅರ್ಕಾವೊತ್ತು ಸರಿ ಬಂದಿದೆಯೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಮಧ್ಯೆ ಇದ್ದ ಇಂಗ್ಲಿಷ್ ಹೆಸರುಗಳು ಕನ್ನಡದ ಕಲಸುಮೇಲೋಗರ ಆಗಿರುತ್ತವೆ, ಅವನ್ನು ಕೈಯಲ್ಲೇ ತಿದ್ದಬೇಕು.

ಇದಕ್ಕೆ ನಾನು ಹೇಳುವುದು ಒಂದೇ. ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ನೀವೇ ಟೈಪ್ ಮಾಡಿ. ಕಗಪ ಕೀಲಿಮಣೆ ಕಲಿಯಲು ಎರಡು ವಾರ ಸಾಕು. ಡಿಟಿಪಿ ಅಂಗಡಿಗೆ ಕೊನೆಯ ಪುಟ ವಿನ್ಯಾಸಕ್ಕೆ, ಬೈಂಡಿಂಗಿಗೆ ಮಾತ್ರ ಹೋಗಿ. ಅಂತಿಮವಾಗಿ ಯಾವ ಫಾಂಟ್ ಬೇಕು ಅಂತ ನಿಮ್ಮ ಪಿಎಚ್‌ಡಿ ವಿಭಾಗದಲ್ಲಿ ಈಗಲೇ ಕೇಳಿ ಬರೆದುಕೊಳ್ಳಿ, ಸಲ್ಲಿಸುವ ವಾರದಲ್ಲಿ ಕೇಳಬೇಡಿ.

ಬ್ಯಾಕಪ್ ಮೂರು ಕಡೆ ಇರಲಿ. ಒಂದು ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್, ಒಂದು ಗೂಗಲ್ ಡ್ರೈವ್. ಫೈಲಿಗೆ "ಅಂತಿಮ", "ಅಂತಿಮ ಹೊಸದು" ಅಂತ ಹೆಸರಿಡಬೇಡಿ. ಅಧ್ಯಾಯ ಸಂಖ್ಯೆ, ತಾರೀಖು, ಅಷ್ಟೇ.

ಗೈಡ್ ನೋಡುತ್ತಿಲ್ಲ ಅಂದರೆ

ಇಲ್ಲಿ ನ್ಯಾಯವಾಗಿ ಎರಡೂ ಕಡೆ ನೋಡಬೇಕು. ಎರಡು ಅಧ್ಯಾಯ, 110 ಪುಟ, ವಾಟ್ಸಾಪಿನಲ್ಲಿ ಕಳಿಸಿ "ಸರ್, ನೋಡಿ ತಿಳಿಸಿ" ಅಂದರೆ ಯಾವ ಸರ್ ಯಾವಾಗ ನೋಡುತ್ತಾರೆ? ನಾನೂ ಹಾಗೇ ಕಳಿಸಿ ಐದು ವಾರ ಕಾದೆ, ಕಾಯುತ್ತಾ ಏನೂ ಬರೆಯಲಿಲ್ಲ. ಆಮೇಲೆ ಹಿರಿಯ ಸಂಶೋಧಕಿಯೊಬ್ಬರು ದಾರಿ ಹೇಳಿಕೊಟ್ಟರು. ಹತ್ತರಿಂದ ಹದಿನೈದು ಪುಟ ಮಾತ್ರ, ಪ್ರಿಂಟ್ ತೆಗೆದು, ಮೇಲೆ ಒಂದು ಚೀಟಿ ಅಂಟಿಸಿ. ಚೀಟಿಯಲ್ಲಿ ಎರಡೇ ಪ್ರಶ್ನೆ. "ಸರ್, ವಿಜಯನಗರ ಕಾಲದ ಕೆರೆಗಳನ್ನೂ ಪಾಳೆಯಗಾರರ ಕಾಲದ್ದನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟರೆ ಸರಿಯಾ? ಆರನೇ ಪುಟದ ಕೋಷ್ಟಕ ಸಾಕಾ?" ಹಿಂದಿನ ದಿನ ಫೋನ್ ಮಾಡಿ, "ಸರ್, ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷ ಬರಬಹುದಾ" ಅಂತ ಕೇಳಿ ಹೋಗಿ. ನನಗೆ ಹತ್ತು ನಿಮಿಷ ಅಂದವರು ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು. ಪ್ರಶ್ನೆ ಇದ್ದರೆ ಉತ್ತರ ಹೇಳಬೇಕು ಅನಿಸುತ್ತದೆ, ಸುಮ್ನೆ ರಾಶಿ ಇದ್ದರೆ ಪಕ್ಕಕ್ಕಿಡಬೇಕು ಅನಿಸುತ್ತದೆ.

ಒಂದು ಅಧ್ಯಾಯ ಅವರ ಹತ್ತಿರ ಇರುವಾಗ ನೀವು ಮುಂದಿನದರಲ್ಲಿ ಇರಬೇಕು. ಕಾಯುವುದನ್ನು ಕೆಲಸ ಅಂತ ಲೆಕ್ಕ ಹಾಕಬೇಡಿ.

ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಹೇಳಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮವಿದೆ. ಅದನ್ನು ಬಹಳ ಜನ ಹೆದರಿಕೊಂಡು ಮುಗಿಸುತ್ತಾರೆ. ಅಲ್ಲಿ ಇನ್ನೂ ಇಬ್ಬರು ಓದಿದವರು ಕೂತಿರುತ್ತಾರೆ, ಎಲ್ಲಿ ನಿಂತಿದೆ ಅಂತ ಬಾಯಿಬಿಟ್ಟು ಹೇಳಿ. ನಿಜವಾಗಲೂ ಗೈಡ್ ಜೊತೆ ಸರಿಬರದೇ ಇದ್ದರೆ ಅದನ್ನು ಬರವಣಿಗೆಯಲ್ಲಿ, ತಾರೀಖಿನ ಸಮೇತ ದಾಖಲೆ ಮಾಡಲು ಅದೇ ಜಾಗ.

ಗಡುವಿನ ಭಯವೂ ಒಂದು ದೊಡ್ಡ ತಡೆ, ಅದಕ್ಕೆ ನಿಯಮವನ್ನು ತಿಳಿದುಕೊಂಡಿರಿ. ಯುಜಿಸಿಯ 2022ರ ನಿಯಮದಲ್ಲಿ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿ ಇನ್ನು 2 ವರ್ಷದವರೆಗೆ ಪಡೆಯಬಹುದು. ಮಹಿಳೆಯರಿಗೆ, ಶೇ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ 2 ವರ್ಷ ಸಡಿಲಿಕೆ ಇದೆ, ಒಟ್ಟು 10 ದಾಟಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಅದಕ್ಕಿಂತ ಮೊದಲೇ ನೋಂದಣಿ ಆದವರು ತಮ್ಮ ಕಾಲದ ನಿಯಮ ಕೇಳಿಕೊಳ್ಳಿ. ನನ್ನ ಜೊತೆಯ ಹುಡುಗಿಯೊಬ್ಬಳು ಬಾಣಂತನ ಮುಗಿಸಿ ಬಂದು, ರಜೆ ಇದೆ ಅಂತಲೇ ಗೊತ್ತಿಲ್ಲದೆ, ಮೂರು ತಿಂಗಳ ಮಗು ಬಿಟ್ಟು ಲೈಬ್ರರಿಯಲ್ಲಿ ಕೂರುತ್ತಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಕೃತಿಚೌರ್ಯದ ಶೇಕಡಾವಾರು ಬಗ್ಗೆಯೂ ಇದೇ. 2018ರ ಯುಜಿಸಿ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರೊಳಗೆ ಇದ್ದರೆ 6 ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60ರೊಳಗೆ ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆ ಹಾಕಿ ಆಕರ ಕೊಟ್ಟ ಮಾತು, ಗ್ರಂಥಸೂಚಿ, ಪರಿವಿಡಿ ಇವು ಲೆಕ್ಕಕ್ಕಿಲ್ಲ. ಹಾಗಾಗಿ ಶಾಸನದ ಸಾಲನ್ನು ಇದ್ದ ಹಾಗೇ ಕೊಡಲು ಹೆದರಬೇಡಿ.

ನೀರೇ ಇಲ್ಲದಿದ್ದರೆ

ಮೋಟಾರ್ ಅಣ್ಣ, ಮೋಟಾರ್ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ತೋರಿಸುವ ಆಂಪ್ ಮೀಟರ್ ನೋಡಿ ಹೇಳುತ್ತಿದ್ದರು. ಮುಳ್ಳು ಜಾಸ್ತಿ ತೋರಿಸಿದರೆ ಒಳಗೆ ಎಲ್ಲೋ ಹಿಡಿದಿದೆ. ತೀರಾ ಕಡಿಮೆ ತೋರಿಸಿದರೆ ಮೋಟಾರ್ ತಿರುಗುತ್ತಿದೆ, ಆದರೆ ಎತ್ತಲು ನೀರಿಲ್ಲ. ಥೀಸಿಸ್‌ನಲ್ಲಿ ಈ ಎರಡನೆಯದು ಹೇಗೆ ಕಾಣುತ್ತದೆ ಅಂದರೆ, ದಿನಾ ಕೂರುತ್ತೀರಿ, ಗಂಟೆಗಟ್ಟಲೆ ಕೂರುತ್ತೀರಿ, ಬರೆದದ್ದನ್ನೇ ತಿದ್ದುತ್ತೀರಿ, ಹೊಸ ಸಾಲು ಹುಟ್ಟುವುದಿಲ್ಲ. ಹೀಗಾದರೆ ಮನಸ್ಸನ್ನು ಬೈದುಕೊಳ್ಳಬೇಡಿ. ಸಾಮಗ್ರಿ ಸಾಲದು ಅಷ್ಟೇ.

ನನ್ನ ನಾಲ್ಕನೇ ಅಧ್ಯಾಯ, ನೀರಗಂಟಿಗಳದ್ದು, ಹೀಗೇ ನಿಂತಿತ್ತು. ಐದು ಪುಸ್ತಕ ಓದಿದ್ದೆ, ಐದರಲ್ಲೂ ಅದೇ ನಾಲ್ಕು ವಾಕ್ಯ. ಒಂದು ದಿನ ಪುಸ್ತಕ ಮುಚ್ಚಿ ಕೊರಟಗೆರೆ ಕಡೆಯ ಒಂದು ಊರಿಗೆ ಹೋದೆ. ಏರಿ ಮೇಲೆ ಒಬ್ಬ ಅಜ್ಜ ಸಿಕ್ಕರು. "ತಾತ, ನೀರು ಹಂಚೋದು ಹೆಂಗೆ" ಅಂದೆ. ಅವರು ಎದ್ದು ನನ್ನನ್ನು ತೂಬಿನ ಹತ್ತಿರಕ್ಕೆ ಕರೆದುಕೊಂಡು ಹೋಗಿ, "ಬಾಯಲ್ಲಿ ಹೇಳಿದ್ರೆ ನಿಂಗೆ ಗೊತ್ತಾಗಲ್ಲ ಕಣವ್ವ, ನೋಡು" ಅಂತ ಯಾವ ಗದ್ದೆಗೆ ಮೊದಲು, ಕಡೆ ಗದ್ದೆಯವನು ಬರದ ವರ್ಷ ಏನು ಮಾಡುತ್ತಿದ್ದ, ಯಾರು ಎಷ್ಟು ಸೇರು ಕೊಡುತ್ತಿದ್ದರು, ಎಲ್ಲಾ ಮಧ್ಯಾಹ್ನದ ತನಕ ಹೇಳಿದರು. ಆ ರಾತ್ರಿ ಒಂಬತ್ತು ಪುಟ ಬರೆದೆ. ಕ್ಷೇತ್ರಕಾರ್ಯ ಇಲ್ಲದ ವಿಷಯದವರು ಒಂದು ದಿನ ಬೇರೆ ಲೈಬ್ರರಿಗೆ ಹೋಗಿ. ಬೆಂಗಳೂರು ತುಮಕೂರಿನಿಂದ 70 ಕಿಲೋಮೀಟರ್, ಬೆಳಗಿನ ರೈಲು ಹಿಡಿದರೆ ಸಂಜೆಗೆ ವಾಪಸ್ಸು. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ನನಗೆ ಇಲ್ಲಿ ಸಿಗದ ಹಳೇ ವರದಿಗಳು ಸಿಕ್ಕಿದವು.

ಹುಡುಕಿಯೂ ಸಿಗದಿದ್ದರೆ ಅಧ್ಯಾಯವನ್ನು ಕೈಬಿಡಿ. ನಾನು ಒಂದನ್ನು ಬಿಟ್ಟೆ, ಯಾರೂ ಕೇಳಲಿಲ್ಲ. ಆದರೆ ನಾಲ್ಕನೇ ವರ್ಷದಲ್ಲಿ ವಿಷಯವನ್ನೇ ಬದಲಿಸುವುದು ಬೇಡ. ಸಾಲ ಮಾಡಿ ಒಂದಾದ ಮೇಲೆ ಒಂದು ಹೊಸ ಬೋರ್ ಪಾಯಿಂಟ್ ಹಾಕಿಸಿದವರ ಮನೆಗಳನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ.

ಮನೆ, ಮಂದಿ, ಮನಸ್ಸು

"ಇನ್ನೂ ಮುಗೀಲಿಲ್ವಾ?" ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರ ಇಟ್ಟುಕೊಳ್ಳಿ. ನನ್ನದು, "ಮೂರು ಅಧ್ಯಾಯ ಆಯ್ತು ದೊಡ್ಡಮ್ಮ, ಇನ್ನೆರಡಿದೆ." ಅಂಕಿ ಹೇಳಿದರೆ ಕೇಳಿದವರಿಗೂ ಸಮಾಧಾನ, ನಿಮಗೂ. ಮನೆಯವರಿಗೆ "ನನಗೆ ಟೈಮ್ ಬೇಕು" ಅಂತ ಹೇಳಬೇಡಿ, "ಬೆಳಿಗ್ಗೆ ಏಳರ ತನಕ ನನ್ನನ್ನು ಕರೀಬೇಡಿ, ಆಮೇಲೆ ಎಲ್ಲದಕ್ಕೂ ಬರ್ತೀನಿ" ಅಂತ ಹೇಳಿ. ಏಳಾದ ಮೇಲೆ ನಿಜವಾಗಿಯೂ ಹೋಗಿ. ಅತ್ತೆ ಮೊದಲ ತಿಂಗಳು ಗೊಣಗಿದರು, ಎರಡನೇ ತಿಂಗಳಿಂದ ಅವರೇ ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು.

ವಾರಕ್ಕೆ ಒಂದು ದಿನ ಪೂರ್ತಿ ರಜೆ. ಆ ದಿನ ತಪ್ಪು ಮಾಡುತ್ತಿದ್ದೇನೆ ಅನ್ನುವ ಭಾವನೆ ಬರುತ್ತದೆ, ಬರಲಿ, ಎರಡು ಮೂರು ವಾರಕ್ಕೆ ಹೋಗುತ್ತದೆ. ನಾವು ಇಬ್ಬರು ಮೂವರು ಸೇರಿ ದೇವರಾಯನದುರ್ಗ ಹತ್ತುತ್ತಿದ್ದೆವು, ಇಳಿದು ಬಂದು ನಾಮದ ಚಿಲುಮೆಯ ಹತ್ತಿರ ಬುತ್ತಿ ಬಿಚ್ಚುತ್ತಿದ್ದೆವು. ಥೀಸಿಸ್ ಮಾತು ಆಡಬಾರದು ಅಂತ ಕಟ್ಟುಪಾಡು ಇತ್ತು. ಒಬ್ಬರೇ ಮಾಡುವ ಕೆಲಸ ಇದು, ಜೊತೆ ಇಲ್ಲದಿದ್ದರೆ ಒಳಗೊಳಗೇ ಕೊಳೆಯುತ್ತದೆ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಖುಷಿ ಇಲ್ಲ, ಬದುಕಿ ಏನು ಅನ್ನುವ ಯೋಚನೆ ಬರುತ್ತಿದೆ ಅಂದರೆ ಇದು ಥೀಸಿಸ್‌ನ ದೋಷ ಅಂತ ಹುಡುಕುತ್ತಾ ಕೂರಬೇಡಿ. ಮೇಲೆ ಬರೆದ ಯಾವುದೂ ಅದಕ್ಕೆ ಮದ್ದಲ್ಲ. ಡಾಕ್ಟರ ಹತ್ತಿರ ಹೋಗಿ, ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದವರು ಇರುತ್ತಾರೆ. 14416 ಟೆಲಿ ಮಾನಸ್ ಸಹಾಯವಾಣಿ, ಸರ್ಕಾರದ್ದು, 2022ರ ಅಕ್ಟೋಬರಿನಿಂದ ಇದೆ. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ. ಥೀಸಿಸ್ ಕಾಯುತ್ತದೆ.

ಮತ್ತೆ ಆ ಹುಡುಗಿಯ ವಿಷಯ. ಆ ರಾತ್ರಿ ಅವಳಿಗೆ ಇದೆಲ್ಲ ಹೇಳಲಿಲ್ಲ, "ಬಿಡೋದು ಇದ್ದೇ ಇದೆ, ಒಂದು ವಾರ ಹಾಳೆ ಬರಿ, ಮುಂದಿನ ಶನಿವಾರ ಫೋನ್ ಮಾಡು" ಅಂದೆ. ಶನಿವಾರ ಮಾಡಿದಳು. ಆರು ದಿನದಲ್ಲಿ ಐದು ದಿನ ಅವಳು ಎದ್ದದ್ದು ಮೂರನೇ ಅಧ್ಯಾಯದ ಅದೇ ಜಾಗದಲ್ಲಿ, ಅಂಗಡಿಯಲ್ಲಿ ಟೈಪ್ ಮಾಡಿಸಿದ ನಲವತ್ತು ಪುಟ ಒಡೆದುಹೋಗಿದ್ದವು, ತಿದ್ದಿದಷ್ಟೂ ಒತ್ತಕ್ಷರ ಹಾರುತ್ತಿದ್ದವು. ಪರಿವರ್ತನೆ ಮಾಡಿ, ಉಳಿದದ್ದನ್ನು ಹೊಸದಾಗಿ ಟೈಪ್ ಮಾಡಲು ಹನ್ನೆರಡು ದಿನ ಹಿಡಿಯಿತು. ಮೊನ್ನೆ ಹದಿನೈದು ಪುಟ ಪ್ರಿಂಟ್ ತೆಗೆದುಕೊಂಡು ತನ್ನ ಗೈಡ್ ಮೇಡಂ ಹತ್ತಿರ ಹೋಗಿದ್ದಾಳೆ, ಮೇಲೆ ಚೀಟಿ ಅಂಟಿಸಿಕೊಂಡು. ಚೀಟಿಯಲ್ಲಿ ಮೂರು ಪ್ರಶ್ನೆ ಇತ್ತಂತೆ, ಒಂದನ್ನು ನಾನೇ ಹೊಡೆದುಹಾಕಿಸಿದೆ.